ಜೈಸಲ್ಮೇರ ಪ್ಯಾಕೇಜ್ ಟೂರ್: ಉಸುಕು ಜಾಸ್ತಿ, ನೀರಿನ ಕಥೆ ಕಡಿಮೆ

ವಿಜಯಪುರದಿಂದ ಜೈಸಲ್ಮೇರಕ್ಕೆ ಕರೆದುಕೊಂಡು ಹೋಗುವ ಪ್ಯಾಕೇಜ್ ಟೂರ್ ಹೇಗಿದೆ ಅಂತ ಓಣಿಯವರು, ಆಫೀಸಿನವರು, ಸೋದರಮಾವನ ಮಗ, ಎಲ್ಲರೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ದುಡ್ಡಿಗೆ ಮೋಸವಿಲ್ಲ, ವೇಳೆಗೆ ಮೋಸವಿದೆ. ಊಟ ಚಲೋ, ಬಸ್ಸು ಚಲೋ, ರೂಮು ನಡೆಯುತ್ತದೆ. ಆದರೆ ಅಷ್ಟು ದೂರ ಹೋಗಿ ನೋಡಲೇಬೇಕಾದ ಜಾಗಗಳನ್ನು ಬಿಟ್ಟು, ಒಂಟೆ, ಜೀಪು, ಡಿಜೆ ಅಂತ ಉಸುಕಿನ ಮೇಲೆ ಹೊತ್ತು ಕಳೆಸುತ್ತಾರೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ನಮ್ಮ ಊರಲ್ಲಿ ಈ ಧಂದೆ ಮಾಡುವವರೆಲ್ಲ ಹಂಚುವ ಪಾಂಪ್ಲೆಟ್ ಹೆಚ್ಚು ಕಡಿಮೆ ಒಂದೇ, ಫೋಟೋ ಅಷ್ಟೇ ಬೇರೆ. ಒಬ್ಬರಿಗೆ 30,000 ರೂಪಾಯಿ ಆಸುಪಾಸು, ಅದರಲ್ಲಿ ರೈಲು, ಬಸ್ಸು, ಊಟ, ರೂಮು ಎಲ್ಲ ಬಂತು. ಒಂಟೆ ಸವಾರಿ, ಜೀಪು, ಬೋಟು, ಒಳಗೆ ಹೋಗುವ ಟಿಕೆಟ್ಟು ಇವೆಲ್ಲ ಬೇರೆ. ಇದನ್ನು ಪಾಂಪ್ಲೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಚಾಳೀಸು ಹಾಕಿಕೊಂಡು ಓದಿ.

ಮೊದಲು ಚಲೋ ಮಾತು ಹೇಳೋಣ. ಅಡುಗೆಯವರನ್ನು ಇಲ್ಲಿಂದಲೇ ಕರೆದುಕೊಂಡು ಬರುತ್ತಾರೆ. ಗ್ಯಾಸು, ಪಾತ್ರೆ, ಜೋಳದ ಹಿಟ್ಟು, ಖಾರದ ಪುಡಿ, ಎಲ್ಲ ಜೊತೆಗೇ ಬರುತ್ತದೆ. ಜೈಸಲ್ಮೇರದ ಚಳಿಯಲ್ಲಿ ಬೆಳಿಗ್ಗೆ ಬಿಸಿ ಉಪ್ಪಿಟ್ಟು ಚಹಾ, ಮಧ್ಯಾಹ್ನ ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ರಿಟೈರ್ ಆದ ಮಾಸ್ತರರು, ಬ್ಯಾಂಕಿನವರು, ಅವರ ಮನೆಯವರು. ಹೊಟ್ಟೆ ಕೆಟ್ಟಿತು ಅಂತ ಒಬ್ಬರೂ ಅನ್ನಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ವಿಷಯ. ಅಡುಗೆಯವರಿಗೆ ಐದಕ್ಕೆ ಐದು ಕೊಡುತ್ತೇನೆ.

ಆದರೆ ಅಷ್ಟು ದಿನವೂ ಬರೀ ನಮ್ಮ ಊಟವೇ ಆದರೆ ಹೇಗೆ? ಕೇರ್-ಸಾಂಗ್ರಿ ಪಲ್ಯ ಒಂದು ಹೊತ್ತಾದರೂ ಕೊಡಿ ಅಂತ ಮ್ಯಾನೇಜರನಿಗೆ ಕೇಳಿದೆವು. "ಯಾರೂ ತಿನ್ನಂಗಿಲ್ರಿ ಸರ್, ವೇಸ್ಟ್ ಆಗ್ತದ" ಅಂದ. ಕೊನೆಗೆ ನಾವು ಕೆಲವರು ಕೋಟೆಯ ಕೆಳಗಿನ ಒಂದು ಸಣ್ಣ ಖಾನಾವಳಿಗೆ ಹೋಗಿ ಸಜ್ಜಿ ರೊಟ್ಟಿ ಜೊತೆ ತಿಂದು ಬಂದೆವು. ಸ್ವಲ್ಪ ಹುಳಿ, ಸ್ವಲ್ಪ ಒಗರು, ಎಣ್ಣೆ ಮೇಲೆ ತೇಲುವಷ್ಟು. ನನಗಂತೂ ಬಹಳ ಸೇರಿತು. ಸಾಂಗ್ರಿ ಅಂದರೆ ಖೇಜಡಿ ಮರದ ಕಾಯಿ, ಉದ್ದಕ್ಕೆ ತೆಳ್ಳಗೆ ಇರುತ್ತದೆ, ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಕೇರ್ ಅನ್ನುವುದು ಎಲೆಯೇ ಇಲ್ಲದಂತೆ ಕಾಣುವ ಒಂದು ಮುಳ್ಳು ಕಂಟಿಯ ಸಣ್ಣ ಕಾಯಿ. ಬರಗಾಲದಲ್ಲಿ ಬೇರೆ ಏನೂ ಬೆಳೆಯದಿದ್ದಾಗ ಈ ಎರಡೇ ಕೈ ಹಿಡಿಯುತ್ತಿದ್ದವು.

ಖೇಜಡಿ ಯಾವ ಮರ ಅಂತ ನಮಗೆ ಗೈಡ್ ಹೇಳಲಿಲ್ಲ, ನಮ್ಮ ಜೊತೆಗಿದ್ದ ಮಾಸ್ತರ ಕಾಕಾ ಹೇಳಿದರು. ಜೋಧಪುರ ದಾಟಿ ಬಸ್ಸು ಚಹಾಕ್ಕೆ ನಿಂತಾಗ ಒಂದು ಟೊಂಗೆ ಬಗ್ಗಿಸಿ ಎಲೆ ನೋಡಿ, "ಏ ತಮ್ಮಾ, ಇದು ನಮ್ಮ ಬನ್ನಿ ಗಿಡ ಅಲ್ಲೇನೋ?" ಅಂದರು. ಹೌದು, ಬನ್ನಿಯೇ. ನಾವು ದಸರಾದಾಗ ಬಂಗಾರ ಅಂತ ಕೊಟ್ಟು ತೆಗೆದುಕೊಳ್ಳುತ್ತೇವಲ್ಲ, ಅದೇ ಮರ ಅಲ್ಲಿ ಹೊಲದ ನಡುವೆ ನಿಂತಿರುತ್ತದೆ. ಎಲೆ ಆಡು ಒಂಟೆಗೆ ಮೇವು, ಕಾಯಿ ಮನುಷ್ಯರಿಗೆ, ನೆರಳು ಬೆಳೆಗೆ. ರಾಜಸ್ಥಾನದ ರಾಜ್ಯ ಮರವೂ ಅದೇ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಊರಲ್ಲಿ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ ಅಮೃತಾದೇವಿ ಅನ್ನುವ ಬಿಷ್ಣೋಯಿ ಪಂಗಡದ ಹೆಣ್ಣುಮಗಳು ಮರ ತಬ್ಬಿ ನಿಂತು ಜೀವ ಕೊಟ್ಟಳು, ಅವಳ ಹಿಂದೆ ಒಬ್ಬೊಬ್ಬರೇ ಬಂದು ಒಟ್ಟು 363 ಜನ ಸತ್ತರು. ಜೋಧಪುರದಲ್ಲಿ ಒಂದು ರಾತ್ರಿ ಇಳಿಸಿದವರು ಈ ಊರಿನ ಹೆಸರನ್ನೇ ಎತ್ತಲಿಲ್ಲ. ಪಟ್ಟಿಯಲ್ಲಿ ಶಾಪಿಂಗ್ ಇತ್ತು.

ಜೋಧಪುರದಿಂದ ಜೈಸಲ್ಮೇರ ಸುಮಾರು 280 ಕಿ.ಮೀ. ನಡುವೆ ಪೋಖರಣ್ ಬರುತ್ತದೆ, 1974ರಲ್ಲೂ 1998ರಲ್ಲೂ ಅಣುಬಾಂಬ್ ಪರೀಕ್ಷೆ ಆದದ್ದು ಆ ಕಡೆಯ ಮಿಲಿಟರಿ ಜಾಗದಲ್ಲಿ. ಊರಲ್ಲಿ ಬಸ್ಸು ನಿಲ್ಲಿಸಿ ಎಲ್ಲರೂ ಫೋಟೋ ತೆಗೆಸಿಕೊಂಡರು. ರಸ್ತೆ ಮಾತ್ರ ಭಾರಿ, ನಮ್ಮ ಕಡೆಯ ಗುಂಡಿ ನೆನಪಾಗಿ ಹೊಟ್ಟೆ ಉರಿಯಿತು.

ಮರುಭೂಮಿ ಅಂದರೆ ಎಲ್ಲಿ ನೋಡಿದರೂ ಉಸುಕಿನ ದಿಬ್ಬ ಅಂತ ಅಂದುಕೊಂಡಿದ್ದವರೇ ಬಸ್ಸಿನ ತುಂಬ. ದಾರಿಯುದ್ದಕ್ಕೂ ಕಾಣುವುದು ಬೇರೆ. ಕಲ್ಲು ಬಯಲು, ಗರಸು ನೆಲ, ಎಕ್ಕದ ಗಿಡ, ಕಂಟಿ, ನಡುನಡುವೆ ಸಜ್ಜೆ ಕೊಯ್ದ ಹೊಲ, ಆಡು ಕುರಿ. ದಿಬ್ಬ ಇರುವುದು ಅಲ್ಲಲ್ಲಿ ಮಾತ್ರ. ಜೈಸಲ್ಮೇರ ಜಿಲ್ಲೆ 38,400 ಚದರ ಕಿ.ಮೀ. ಇದೆ, ನಮ್ಮ ವಿಜಯಪುರ ಜಿಲ್ಲೆ 10,500 ಆಸುಪಾಸು. ಜನ ಎಷ್ಟು ನೋಡಿ: 2011ರ ಜನಗಣತಿಯಲ್ಲಿ ಅಲ್ಲಿ 6.7 ಲಕ್ಷ, ನಮ್ಮಲ್ಲಿ 21 ಲಕ್ಷದ ಮೇಲೆ. ಮಳೆ ಅಲ್ಲಿ ವರ್ಷಕ್ಕೆ 200 ಮಿ.ಮೀ. ಬಿದ್ದರೆ ಪುಣ್ಯ. ನಮ್ಮಲ್ಲಿ ಅದರ ಮೂರು ಪಟ್ಟು ಹತ್ತಿರ ಬಿದ್ದರೂ ಬರ ಬಂತು ಅಂತೇವೆ ಅಲ್ವಾ. ಹಾಗಿದ್ದರೂ ಆ ನೆಲದಲ್ಲಿ ಎಂಟುನೂರು ವರ್ಷದ ಮೇಲೆ ಒಂದು ಊರು ಬದುಕಿದೆ, ಬರೀ ಬದುಕಿದ್ದಲ್ಲ, ದುಡ್ಡು ಮಾಡಿದೆ, ಹವೇಲಿ ಅನ್ನುವ ದೊಡ್ಡ ದೊಡ್ಡ ಮನೆ ಕಟ್ಟಿಸಿದೆ. ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ಜಾಗಗಳೇ ಈ ಪ್ಯಾಕೇಜಿನಲ್ಲಿ ಕಡಿಮೆ, ನನ್ನ ತಕರಾರೆಲ್ಲ ಇಷ್ಟೇ.

ಕೋಟೆಯಿಂದ ಶುರು ಮಾಡುತ್ತೇನೆ, ಅದೊಂದನ್ನು ಪಟ್ಟಿಯಲ್ಲಿ ಬಿಟ್ಟಿಲ್ಲ. 1156ರಲ್ಲಿ ಭಾಟಿ ರಜಪೂತರ ರಾವಲ್ ಜೈಸಲ್ ತನ್ನ ಹಳೆಯ ರಾಜಧಾನಿ ಲೋದ್ರವಾ ಬಿಟ್ಟು ತ್ರಿಕೂಟ ಗುಡ್ಡದ ಮೇಲೆ ಕಟ್ಟಿಸಿದ್ದು. ಹಳದಿ ಕಲ್ಲು, 99 ಕೊತ್ತಲ. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಗುಡ್ಡದ ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಬೇರೆ ಕೋಟೆಗಳ ಹಾಗೆ ಖಾಲಿ ಬಿದ್ದಿಲ್ಲ. ಒಳಗೆ ಮನೆ, ಅಂಗಡಿ, ಗುಡಿ, ಸ್ಕೂಟರು, ಅಡ್ಡ ನಿಂತ ಆಕಳು, ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುವ ಅಜ್ಜಿ. ಮದುವೆಯಾದವರ ಮನೆ ಗೋಡೆ ಮೇಲೆ ಗಣಪತಿ ಬಿಡಿಸಿ ಕೆಳಗೆ ಮದುಮಗ ಮದುಮಗಳ ಹೆಸರು, ತಾರೀಖು ಬರೆದಿರುತ್ತಾರೆ, ಲಗ್ನಪತ್ರಿಕೆ ಗೋಡೆ ಮೇಲೇ ಇದ್ದ ಹಾಗೆ. ನಾನು ಅಂಥ ಗೋಡೆ ಓದುತ್ತಲೇ ಹಿಂದೆ ಉಳಿದೆ.

ಗೈಡ್ ಬಗ್ಗೆ ಏನು ಹೇಳಲಿ. ಅವನು ಹಿಂದಿಯಲ್ಲಿ ಐದು ನಿಮಿಷ ಮಾತಾಡುತ್ತಾನೆ, ನಮ್ಮ ಮ್ಯಾನೇಜರ್ ಹಿಂದೆ ನಿಂತವರಿಗೆ "ಏನಿಲ್ರಿ, ಹಳೇ ರಾಜಾಂದು ಕಥಿ ಹೇಳಾಕತ್ತಾನ" ಅಂತ ಮುಗಿಸುತ್ತಾನೆ. ಜೈನ ಬಸದಿಗಳ ಕೆತ್ತನೆ ನೋಡಲು ಹೋಗುವಷ್ಟರಲ್ಲಿ ಹೊರಗಿನವರಿಗೆ ಬಾಗಿಲು ಹಾಕಿತ್ತು. ತಾಳೆಗರಿ ಗ್ರಂಥಗಳಿರುವ ಜ್ಞಾನ ಭಂಡಾರವೂ ಅಲ್ಲೇ ಇದೆ, ಅದನ್ನೂ ನೋಡಲಾಗಲಿಲ್ಲ. ಮೊದಲು ಬಸದಿ, ಆಮೇಲೆ ಅಂಗಡಿ ಅಂತ ಇಟ್ಟಿದ್ದರೆ ಆಗುತ್ತಿತ್ತು. ಇಟ್ಟಿದ್ದು ಉಲ್ಟಾ.

ಗೈಡ್ ಹೇಳದ ಒಂದು ಸಂಗತಿ ಕೋಟೆಯ ಗೋಡೆಯಲ್ಲೇ ಕಾಣುತ್ತದೆ. ಸಂದಿಯಲ್ಲಿ ಪ್ಲಾಸ್ಟಿಕ್ ಪೈಪು ಹಾದಿರುವ ಕಡೆ ಕೆಳಗಿನ ಕಲ್ಲು ಮಾಸಲು ಬಣ್ಣ ಆಗಿದೆ, ಉಗುರು ಹಾಕಿದರೆ ಪುಡಿ ಉದುರುತ್ತದೆ. ಕೊಡದಲ್ಲಿ ನೀರು ಹೊತ್ತು ತಂದು ಅಳತೆಯಲ್ಲಿ ಬಳಸುವ ಜನಕ್ಕೆ ಕಟ್ಟಿದ ಕೋಟೆ ಅದು. ನಲ್ಲಿ ಬಂತು, ಬಚ್ಚಲು ಬಂತು, ಹೋಟೆಲ್ಲುಗಳು ಬಂದವು, ಬಳಸುವ ನೀರು ಎಷ್ಟೋ ಪಟ್ಟು ಜಾಸ್ತಿ ಆಯಿತು, ಹರಿದು ಹೋಗಲು ದಾರಿ ಸಾಲದೆ ಗುಡ್ಡದೊಳಗೇ ಇಳಿಯಿತು. ಬುಡ ಮೆತ್ತಗಾಗಿ ಕೊತ್ತಲಗಳು ಕುಸಿದವು, ಜನ ಸತ್ತದ್ದೂ ಇದೆ. ಹಳೆಯ ಕಟ್ಟಡ ಉಳಿಸುವ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಅಪಾಯದ ಪಟ್ಟಿಯಲ್ಲಿ ಈ ಕೋಟೆಯನ್ನು ಸೇರಿಸಿತ್ತು. ನೀರಿಲ್ಲದ ಊರಿನ ಕೋಟೆಗೆ ನೀರಿನದೇ ಕಾಟ! ನಮ್ಮಲ್ಲೂ ಕೋಟೆ ಗೋಡೆಗೆ ಆತು ಮನೆ ಕಟ್ಟಿಕೊಂಡವರು ಇದ್ದಾರೆ, ಆ ಗೋಡೆಗಳ ಹಣೆಬರಹ ಯಾರು ನೋಡಿದ್ದಾರೋ.

ಹವೇಲಿಗಳು ಚೆಂದ, ಜಾಸ್ತಿ ಬರೆಯುವುದಿಲ್ಲ, ಫೋಟೋ ಎಲ್ಲ ಕಡೆ ಇವೆ. ಪಟವೋಂ ಕಿ ಹವೇಲಿ 1805ರಲ್ಲಿ ಶುರುವಾದದ್ದು, ಗುಮಾನ್ ಚಂದ್ ಪಟವಾ ಅನ್ನುವ ಸಾಹುಕಾರನದು, ಐದು ಮನೆ ಒಂದೇ ಸಾಲಿಗೆ. ಸಿಂಧ್ ಕಡೆಯ ಒಂಟೆ ವ್ಯಾಪಾರದ ದುಡ್ಡು ಅದೆಲ್ಲ. ಮುಂಬೈ ಬಂದರು ಬೆಳೆದಂತೆ ಆ ವ್ಯಾಪಾರ ಸೊರಗಿತು, 1947ರಲ್ಲಿ ಗಡಿ ಮುಚ್ಚಿ ಪೂರ್ತಿ ನಿಂತಿತು. ನಥಮಲ್ ಹವೇಲಿಯ ಎರಡು ಬದಿಯನ್ನು ಅಣ್ಣ ತಮ್ಮ ಇಬ್ಬರು ಕೆತ್ತಿದ್ದಂತೆ, ಸೂಕ್ಷ್ಮವಾಗಿ ನೋಡಿದರೆ ಎರಡೂ ಬದಿ ಹೊಂದುವುದಿಲ್ಲ. ಗೈಡ್ ಕೊಟ್ಟ ಒಂದೇ ಉಪಯೋಗದ ಮಾತು ಇದು.

ಆಮೇಲೆ ಅಂಗಡಿಗೆ ಕರೆದುಕೊಂಡು ಹೋದರು, ಎಲ್ಲಿಗೆ ಹೋದರೂ ಇದು ತಪ್ಪಿದ್ದಲ್ಲ. ಕೌದಿ, ಚಾದರ, ಒಂಟೆ ಚರ್ಮದ ಚಪ್ಪಲಿ. ಗೈಡಿಗೆ ಕಮಿಷನ್ ಇರುವುದು ಬೆಲೆ ಕೇಳಿದರೆ ತಿಳಿಯುತ್ತದೆ, ಹೊರಗಿನ ಬೀದಿಯಲ್ಲಿ ಅದೇ ಚಾದರ ಅರ್ಧಕ್ಕೆ. ಅಲ್ಲಿ ನನಗೆ ಹಿಡಿಸಿದ್ದು ಹಾಬೂರ್ ಕಲ್ಲಿನ ಬಟ್ಟಲು ಒಂದೇ. ಹಾಬೂರ್ ಜೈಸಲ್ಮೇರದ ಹತ್ತಿರದ ಹಳ್ಳಿ. ಅಲ್ಲಿಯ ಸುಣ್ಣಗಲ್ಲು ಕಂದು ಹಳದಿ, ಒರೆದು ನುಣುಪು ಮಾಡಿದರೆ ಒಳಗೆ ಸಮುದ್ರದ ಚಿಪ್ಪುಗಳ ಗೆರೆ ಸುರುಳಿ ಸುರುಳಿಯಾಗಿ ಎದ್ದು ಕಾಣುತ್ತದೆ. ಇದರಲ್ಲಿ ಹಾಲು ಹಾಕಿಟ್ಟರೆ ಹೆಪ್ಪು ಹಾಕದೆ ಮೊಸರಾಗುತ್ತದೆ ಅಂತ ಅಂಗಡಿಯವನ ಭಾಷಣ. ಮೊಸರಿನ ಮಾತು ಬಿಡಿ, ಕೋಟ್ಯಂತರ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತು ಅನ್ನುವುದನ್ನು ಅಂಗೈ ಮೇಲೆ ಇಟ್ಟು ತೋರಿಸುವ ವಸ್ತು ಅದು. ನಮ್ಮ ಮನೆಯವಳು ಒಂದು ತಂದಿದ್ದಾಳೆ, ಅದರಲ್ಲಿ ಈಗ ಅಡಿಕೆ ಇಡುತ್ತೇವೆ.

ಗಡಿಸರ್ ಕೆರೆಗೆ ಕೊಟ್ಟ ಸಮಯ ಬೋಟ್ ಒಂದು ಸುತ್ತು ಹಾಕುವಷ್ಟು. ನನಗೆ ಸಿಟ್ಟು ಬಂದದ್ದು ಇಲ್ಲೇ. ಊರು ಹುಟ್ಟಿದಾಗಿನಿಂದ ನಲ್ಲಿ ನೀರು ಬರುವವರೆಗೆ ಇಡೀ ಜೈಸಲ್ಮೇರ ಕುಡಿದದ್ದು ಈ ಕೆರೆಯ ನೀರು. ರಾವಲ್ ಜೈಸಲ್ ಕಾಲದ್ದು, 14ನೇ ಶತಮಾನದಲ್ಲಿ ಗಡಸಿ ಅನ್ನುವ ರಾಜ ದೊಡ್ಡದು ಮಾಡಿಸಿದ, ಅದಕ್ಕೇ ಆ ಹೆಸರು. ಸುತ್ತಲಿನ ಕಲ್ಲು ಬಯಲಲ್ಲಿ ಬಿದ್ದ ಮಳೆ ಹರಿದು ಬಂದು ಇಲ್ಲಿ ಸೇರಬೇಕು. ದಂಡೆಯ ಮೇಲಿನ ದೊಡ್ಡ ಬಾಗಿಲಿಗೆ ಟೀಲೋಂ ಕಿ ಪೋಲ್ ಅನ್ನುತ್ತಾರೆ. ಟೀಲೋಂ ಅನ್ನುವ ಗಣಿಕೆ ಕಟ್ಟಿಸಿದ್ದಂತೆ. ಅವಳು ಕಟ್ಟಿಸಿದ ಬಾಗಿಲ ಕೆಳಗೆ ಹಾದು ನೀರಿಗೆ ಹೋಗಬೇಕೇನು ಅಂತ ಅರಮನೆಯವರು ತಕರಾರು ತೆಗೆದಾಗ ಮೇಲೆ ಕೃಷ್ಣನ ಗುಡಿ ಮಾಡಿಸಿಬಿಟ್ಟಳಂತೆ, ಗುಡಿ ಇದ್ದ ಮೇಲೆ ಕೆಡವುವುದು ಹೇಗೆ! ಕಥೆಯೋ ನಿಜವೋ, ಜಾಣೆ.

ನಮ್ಮ ಊರಿನ ದೊಡ್ಡ ಬಾವಿ ತಾಜ್ ಬಾವಡಿ ನೋಡಿ ಬೆಳೆದವರಿಗೆ ಗಡಿಸರ್ ಬೇಗ ಅರ್ಥವಾಗುತ್ತದೆ. ಆದಿಲ್‌ಶಾಹಿಯವರು ಚಾಂದ್ ಬಾವಡಿ, ತಾಜ್ ಬಾವಡಿ, ಬೇಗಂ ತಲಾಬ್ ಅಂತ ನೀರಿಗೆ ಸುರಿದ ದುಡ್ಡು ಕಡಿಮೆಯಲ್ಲ. ತೊರವಿ ಕಡೆಯಿಂದ ಸುರಂಗದಲ್ಲಿ ನೀರು ತಂದರು. ಆದರೂ ನಮ್ಮಲ್ಲಿ ಭೂಮಿ ಒಳಗಿನ ನೀರು ಸಿಗುತ್ತಿತ್ತು. ಅಲ್ಲಿಯವರು ಹೆಚ್ಚಾಗಿ ಆಕಾಶವನ್ನೇ ನಂಬಬೇಕಿತ್ತು. ಈ ಹೋಲಿಕೆಯನ್ನು ನಮ್ಮ ಊರಿನಿಂದಲೇ ಮಂದಿ ಕರೆದುಕೊಂಡು ಹೋಗುವ ಕಂಪನಿ ಹೇಳಿದ್ದರೆ ಬಸ್ಸಿನವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಬದಲಿಗೆ ಮೀನಿಗೆ ಬ್ರೆಡ್ ಹಾಕಿಸಿದರು.

ಈಗ ಸಮ್ ಅನ್ನುವ ಉಸುಕಿನ ದಿಬ್ಬಗಳ ಜಾಗ. ಊರಿಂದ ಪಶ್ಚಿಮಕ್ಕೆ 40 ಕಿ.ಮೀ. ಆಸುಪಾಸು, ಪಾಂಪ್ಲೆಟ್ಟಿನ ಮುಖಪುಟದ ಫೋಟೋ ಇಲ್ಲಿಯದೇ. ದಿಬ್ಬಗಳು ಚೆಂದ ಇವೆ, ಸುಳ್ಳು ಹೇಳುವುದಿಲ್ಲ. ಗಾಳಿ ಮೂಡಿಸಿದ ಸಣ್ಣ ಸಣ್ಣ ಅಲೆ, ಮಧ್ಯೆ ಒಂದು ಜೀರುಂಡೆ ನಡೆದು ಹೋದ ಹೆಜ್ಜೆಯ ಸಾಲು. ಆದರೆ ಅದನ್ನು ನೋಡಬೇಕೆಂದರೆ ಬೆಳಿಗ್ಗೆ ಮಂದಿ ಏಳುವ ಮುಂಚೆ ಹೋಗಬೇಕು. ಸಂಜೆ ಹೋದರೆ ಉಸುಕಿಗಿಂತ ಮಂದಿ ಜಾಸ್ತಿ. ಜೀಪುಗಳ ಕಿರುಚಾಟ, ಚಿಪ್ಸ್ ಪಾಕೀಟು, ಒಂಟೆಯವರ ಜಗ್ಗಾಟ. ಒಂಟೆಯವರನ್ನು ಬೈಯಲು ಮನಸ್ಸಿಲ್ಲ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದ ಒಂಟೆ 2.5 ಲಕ್ಷ, ಹಿಂದಿನ ಗಣತಿಗಿಂತ ಶೇ. 37ರಷ್ಟು ಕಡಿಮೆ. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಗಾಡಿಗೆ ಪಿಕಪ್ ಬಂತು, ಒಂಟೆ ಸಾಕುವವನಿಗೆ ನಮ್ಮಂಥವರನ್ನು ಹೊತ್ತು ಹತ್ತು ನಿಮಿಷ ತಿರುಗಿಸುವುದು ಬಿಟ್ಟರೆ ಗಳಿಕೆಯ ದಾರಿ ಕಡಿಮೆ. ರೇಟು ಮೊದಲೇ ಮಾತಾಡಿಕೊಳ್ಳಿ, ಇಳಿದ ಮೇಲೆ ಚೌಕಾಸಿ ಮಾಡಬೇಡಿ.

ನಾವು ಇಳಿದ ಟೆಂಟ್ ಕ್ಯಾಂಪಿನಲ್ಲಿ ಹಾಸಿಗೆ ಸ್ವಚ್ಛ ಇತ್ತು, ಬಿಸಿನೀರು ಅರ್ಧ ಬಕೆಟ್ ಬಂದು ನಿಂತಿತು, ರಾತ್ರಿ ಚಳಿಗೆ ಕೊಟ್ಟ ರಗ್ಗು ಸಾಲಲಿಲ್ಲ. ಡಿಸೆಂಬರ್ ರಾತ್ರಿ ಅಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಸ್ವೆಟರ್ ಒಂದೇ ತಂದವರು ಬೆಳಗಿನವರೆಗೆ ಕುಳಿತೇ ಇದ್ದರು. ಸಾಂಸ್ಕೃತಿಕ ಕಾರ್ಯಕ್ರಮ ಅಂದರೆ ಎರಡು ಜಾನಪದ ಹಾಡು, ಹಾವಾಡಿಗರ ಪಂಗಡದ ಒಂದು ಕಾಲಬೇಲಿಯಾ ಕುಣಿತ, ಆಮೇಲೆ ಹತ್ತೂವರೆವರೆಗೆ ಹಿಂದಿ ಸಿನಿಮಾದ ಡಿಜೆ. ಕಾಲಬೇಲಿಯಾ 2010ರಲ್ಲಿ ಯುನೆಸ್ಕೋ ಗುರುತಿಸಿದ ಕಲೆ. ಆ ಹುಡುಗಿ ಹಿಂದಕ್ಕೆ ಬಾಗಿ ಕಣ್ಣಿನ ರೆಪ್ಪೆಯಲ್ಲಿ ನೆಲದ ನೋಟು ಎತ್ತಿದಳು, ನಮ್ಮವರು ಶಿಳ್ಳೆ ಹಾಕಿದರು. ನನಗೆ ಸರಿ ಅನ್ನಿಸಲಿಲ್ಲ.

ಡಿಜೆ ಶುರುವಾದ ಮೇಲೆ ಹಾಡುಗಾರರು ಟೆಂಟಿನ ಹಿಂದೆ ಬೆಂಕಿ ಕಾಯಿಸುತ್ತ ಕುಳಿತಿದ್ದರು. ಮಾಸ್ತರ ಕಾಕಾ ಮತ್ತು ನಾನು ಅಲ್ಲಿಗೆ ಹೋದೆವು. ಅವರು ಮಾಂಗಣಿಯಾರರು. ಮುಸ್ಲಿಮರು, ಆದರೆ ತಲೆತಲಾಂತರದಿಂದ ರಜಪೂತ ಮನೆಗಳ ಹುಟ್ಟು, ಮದುವೆ, ಸಾವಿಗೆ ಹಾಡುವವರು, ಕೃಷ್ಣನ ಹಾಡು ಅವರ ಬಾಯಲ್ಲೇ ಕೇಳಬೇಕು. ವಯಸ್ಸಾದವರೊಬ್ಬರು ಕಮಾಯಚಾ ಅನ್ನುವ ವಾದ್ಯ ತೊಡೆ ಮೇಲೆ ನಿಲ್ಲಿಸಿಕೊಂಡರು. ಗುಂಡನೆಯ ದೊಡ್ಡ ಹೊಟ್ಟೆ, ಮೇಲೆ ಆಡಿನ ಚರ್ಮ, ಕಮಾನಿನಿಂದ ಬಾರಿಸುವುದು. ಬೆಂಕಿಯ ಹತ್ತಿರ ಚರ್ಮವನ್ನು ಸ್ವಲ್ಪ ಕಾಯಿಸಿ, ತಂತಿ ಬಿಗಿ ಮಾಡಿ, ಒಂದು ಸಲ ಎಳೆದರು ನೋಡಿ, ಎದೆಯೊಳಗೆ ಜುಂ ಅಂತು. ಸಾರಂಗಿಗಿಂತ ಒರಟು, ದಪ್ಪ ದನಿ. ಇದೇ ವಾದ್ಯಕ್ಕೆ ಹಮೀರಾ ಊರಿನ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಿತ್ತು. ಕಾಕಾ ಒಂದು ತತ್ವಪದ ಎತ್ತಿದರು, ಅವರು ಭಾಷೆ ತಿಳಿಯದೆಯೂ ಎರಡನೆಯ ಸಾಲಿಗೆ ಹಿಂದೆ ಬಂದರು. ಪಾಂಪ್ಲೆಟ್ಟಿನಲ್ಲಿ ಇಲ್ಲದ ಈ ಅರ್ಧ ಗಂಟೆಗೆ ನಾನು ಕ್ಯಾಂಪಿನ ಪೂರ್ತಿ ದುಡ್ಡು ಕೊಡಲು ತಯಾರು.

ಮರುದಿನ ಪಟ್ಟಿಯಲ್ಲಿ ವಿಶ್ರಾಂತಿ ಮತ್ತು ಶಾಪಿಂಗ್ ಅಂತ ಇತ್ತು. ನಾವು ಕೆಲವರು ಸೇರಿ ಊರಲ್ಲೇ ಒಂದು ಗಾಡಿ ಬಾಡಿಗೆಗೆ ಹಿಡಿದು ಬೇರೆ ಹೋದೆವು. ಕಂಪನಿಯವರು ಬೇಡ ಅನ್ನಲಿಲ್ಲ, ಅಷ್ಟು ಚಲೋತನ ಅವರಲ್ಲಿತ್ತು. ಇನ್ನು ಮುಂದಿನದು ನಿಮಗೆ ಅವರು ತೋರಿಸದ ಜಾಗಗಳ ಪಟ್ಟಿ.

ಮೊದಲು ಅಕಾಲ್. ಬಾಡಮೇರ್ ರಸ್ತೆಯಲ್ಲಿ 17 ಕಿ.ಮೀ. ಅಲ್ಲಿ ಇರುವುದು ಕಲ್ಲಾದ ಮರಗಳು, 18 ಕೋಟಿ ವರ್ಷ ಹಿಂದಿನವು. ಆಗ ಅಲ್ಲಿ ಸಮುದ್ರದ ದಂಡೆ, ದಟ್ಟ ಕಾಡು. ಬಿದ್ದ ಮರಗಳು ಕೆಸರಿನಲ್ಲಿ ಹೂತವು, ಮರದ ಕಣಕಣದ ಜಾಗದಲ್ಲಿ ಖನಿಜ ತುಂಬಿ ಕಲ್ಲಾದವು. 21 ಹೆಕ್ಟೇರ್ ಬೋಳು ಗುಡ್ಡ, ನೆರಳು ಒಂದಿಷ್ಟೂ ಇಲ್ಲ, ಅಲ್ಲಲ್ಲಿ ಕಬ್ಬಿಣದ ಜಾಳಿಗೆ, ಮೇಲೆ ತಗಡು, ಒಳಗೆ ಮಲಗಿದ ಕಾಂಡ. ದೊಡ್ಡದು 13 ಮೀಟರ್ ಉದ್ದ. ಮೊದಲ ನೋಟಕ್ಕೆ ಯಾರೋ ಸೌದೆ ತಂದು ಹಾಕಿದ್ದಾರೆ ಅನ್ನಿಸುತ್ತದೆ. ಜಾಳಿಗೆಯ ಹತ್ತಿರ ಕುಳಿತು ನೋಡಿದರೆ ತೊಗಟೆಯ ಬಿರುಕು, ಟೊಂಗೆ ಮುರಿದ ಗಂಟು, ಉದ್ದಕ್ಕೆ ಹರಿದ ನಾರು, ಎಲ್ಲ ಹಾಗೇ ಇದೆ, ಬಣ್ಣವೂ ತೇಗದ ಬಣ್ಣವೇ. ಹೊರಗೆ ಬಿದ್ದ ಒಂದು ಚೂರಿನ ಮೇಲೆ ಬೆರಳಿಂದ ತಟ್ಟಿದೆ, ಠಣ್ ಅಂತು. ಚೂರು ಕಿಸೆಗೆ ಹಾಕಿಕೊಳ್ಳುವಂತಿಲ್ಲ, ಕಾವಲಿನವನ ಕಣ್ಣು ನಮ್ಮ ಕೈ ಮೇಲೇ ಇತ್ತು. ಇದೇ ಜೈಸಲ್ಮೇರದ ನೆಲದಲ್ಲಿ ಸಿಕ್ಕ 16.7 ಕೋಟಿ ವರ್ಷದ ಉದ್ದ ಕುತ್ತಿಗೆಯ ಡೈನೋಸಾರ್‌ಗೆ 2023ರಲ್ಲಿ ಥಾರೋಸಾರಸ್ ಅಂತ ಹೆಸರಿಟ್ಟರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂಟೆ ಬಿಟ್ಟರೂ ಇದನ್ನು ಬಿಡಬೇಡಿ.

ಎರಡನೆಯದು ಕುಲಧರಾ. ದೆವ್ವದ ಊರು ಅಂತ ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಪಾಲಿವಾಲ್ ಬ್ರಾಹ್ಮಣರ ಊರು, 19ನೇ ಶತಮಾನದ ಶುರುವಿನಲ್ಲಿ ಖಾಲಿಯಾಯಿತು. ಜೈಸಲ್ಮೇರದ ದಿವಾನ ಸಾಲಿಂ ಸಿಂಗ್ ಊರಿನ ಹುಡುಗಿಯ ಮೇಲೆ ಕಣ್ಣು ಹಾಕಿದ, 84 ಹಳ್ಳಿಯವರು ಒಂದೇ ರಾತ್ರಿಯಲ್ಲಿ ಎದ್ದು ಹೋದರು, ಇಲ್ಲಿ ಯಾರೂ ಬಾಳಬಾರದು ಅಂತ ಶಾಪ ಕೊಟ್ಟರು ಅನ್ನುವುದು ಕಥೆ. ಇತಿಹಾಸದವರು ಹೇಳುವ ಕಾರಣಗಳು ಬೇರೆ: ಬಾವಿಗಳಲ್ಲಿ ನೀರು ಬತ್ತಿದ್ದು, ಕಂದಾಯದ ಹೊರೆ, ಭೂಕಂಪ ಆಗಿರಬಹುದು ಅನ್ನುವುದೂ ಒಂದು. ಏನೇ ಇರಲಿ, ನೇರ ಬೀದಿಗಳು, ಒಂದರ ಪಕ್ಕ ಒಂದು ಮನೆಯ ಅಡಿಪಾಯ, ಅಂಗಳ, ಗಾಡಿ ನಿಲ್ಲಿಸುವ ಜಾಗ, ದೇವರ ಗೂಡು. ದೆವ್ವ ಹುಡುಕುವವರು ಸೆಲ್ಫಿ ತೆಗೆದುಕೊಂಡು ಬೇಗ ಹೊರಟು ಹೋಗುತ್ತಾರೆ. ನೀವು ಒಂದು ಗಂಟೆ ಇಟ್ಟುಕೊಳ್ಳಿ.

ಆ ಪಾಲಿವಾಲರ ಬುದ್ಧಿ ಎಂಥದು ಅನ್ನುವುದು ಊರಿನ ಹೊರಗೆ, ಮಳೆ ನೀರು ಹಿಡಿಯುವ ಒಡ್ಡಿನ ಹೊಲದಲ್ಲಿ ಕಾಣುತ್ತದೆ, ಅದಕ್ಕೆ ಖಡೀನ್ ಅನ್ನುತ್ತಾರೆ. ಡ್ರೈವರನಿಗೆ "ಭಯ್ಯಾ, ಖಡೀನ್ ಎಲ್ಲಾದರೂ ತೋರಿಸು" ಅಂದೆ. ಅವನಿಗೆ ಆಶ್ಚರ್ಯ, ಖಡೀನ್ ಕೇಳುವ ಟೂರಿಸ್ಟ್ ಬರುವುದಿಲ್ಲವಂತೆ. ರಸ್ತೆ ಬಿಟ್ಟು ಸ್ವಲ್ಪ ದೂರ ಹೋಗಿ ಒಂದು ಮಣ್ಣಿನ ಒಡ್ಡಿನ ಮೇಲೆ ನಿಲ್ಲಿಸಿದ. ಹಿಂದೆ ಬೋಳು ಕಲ್ಲು ಇಳಿಜಾರು, ಮುಂದೆ ಒಡ್ಡಿನೊಳಗೆ ಹಸಿರು ಗೋದಿ, ಕಡಲೆ! ಉಪಾಯ ಸರಳ. ಕಲ್ಲು ನೆಲದ ಮೇಲೆ ಬಿದ್ದ ಮಳೆ ಇಂಗದೆ ಇಳಿಜಾರಿಗೆ ಹರಿದು ಬರುತ್ತದೆ. ತಗ್ಗಿನ ಹೊಲದ ಕೆಳಗಡೆ ಉದ್ದಕ್ಕೆ ಒಡ್ಡು ಹಾಕಿ ಅದನ್ನು ನಿಲ್ಲಿಸುತ್ತಾರೆ. ನೀರು ಹೊಲದಲ್ಲೇ ನಿಂತು ಇಂಗುತ್ತದೆ, ಜೊತೆಗೆ ಬಂದ ಗೋಡು ಕೂರುತ್ತದೆ. ಜಾಸ್ತಿಯಾದದ್ದು ಕೋಡಿಯಲ್ಲಿ ಹೊರಗೆ. ಚಳಿ ಬರುವ ಹೊತ್ತಿಗೆ ನೀರು ಇಂಗಿ ನೆಲ ಹದಕ್ಕೆ ಬಂದಿರುತ್ತದೆ, ಬಿತ್ತುತ್ತಾರೆ. ಆಮೇಲೆ ಒಂದು ಹನಿ ಮಳೆ ಬೇಕಿಲ್ಲ. ಎಷ್ಟು ಹೊಲಕ್ಕೆ ಎಷ್ಟು ಇಳಿಜಾರು ಬೇಕು ಅನ್ನುವ ಲೆಕ್ಕ ಅವರಿಗೆ ಬಾಯಿಪಾಠ.

ಮಾಸ್ತರ ಕಾಕಾ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಒಂದು ಹೆಂಟೆ ಒಡೆದು ನೋಡಿದರು, ಒಳಗೆ ಇನ್ನೂ ತಂಪು ಇತ್ತು. "ನಮ್ಮ ಹಿಂಗಾರಿ ಜ್ವಾಳದ ಲೆಕ್ಕಾನ ಇದು" ಅಂದರು. ಖರೇ. ಡೋಣಿ ನದಿ ಸಾಲಿನ ಎರೆ ಹೊಲದಲ್ಲಿ ಮಳೆಗಾಲದ ಹಸಿ ಹಿಡಿದಿಟ್ಟುಕೊಂಡು ಚಳಿಯಲ್ಲಿ ಜೋಳ ಬೆಳೆಯುವವರು ನಾವು, ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವವರು. ನಮಗೆ ಎರೆ ಮಣ್ಣೇ ಹಸಿ ಹಿಡಿದುಕೊಡುತ್ತದೆ, ಅವರಿಗೆ ಆ ಮಣ್ಣಿಲ್ಲ, ಒಡ್ಡು ಹಾಕಿ ತಾವೇ ಹಿಡಿದರು. ಇಡೀ ಪ್ರವಾಸದಲ್ಲಿ ನಮ್ಮ ಜಿಲ್ಲೆಯ ರೈತನೊಬ್ಬ ಮನೆಗೆ ತಂದು ಬಳಸಬಹುದಾದ ಸಂಗತಿ ಇದೊಂದೇ, ಟಿಕೆಟ್ಟೂ ಇಲ್ಲ, ಕ್ಯೂ ಇಲ್ಲ.

ಪಾಕಿಸ್ತಾನದ ಗಡಿ ಕಡೆಯ ಲೋಂಗೇವಾಲಾ, ತನೋಟ್ ಕಂಪನಿಯ ಪಟ್ಟಿಯಲ್ಲೇ ಇದೆ, ಹೋಗಿ ಬಂದೆವು. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಸುಮಾರು 120 ಜನ ಪಾಕಿಸ್ತಾನದ ಟ್ಯಾಂಕುಗಳ ದಂಡನ್ನು ಬೆಳಗಿನವರೆಗೆ ತಡೆದು ನಿಂತರು, ಬೆಳಗಾದ ಮೇಲೆ ಜೈಸಲ್ಮೇರದಿಂದ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಸುಟ್ಟವು. ಕೆಟ್ಟು ನಿಂತ ಟ್ಯಾಂಕು ಈಗಲೂ ಇದೆ. ತನೋಟ್ ಮಾತೆಯ ಗುಡಿಯನ್ನು ಬಿಎಸ್ಎಫ್ ಜವಾನರೇ ನೋಡಿಕೊಳ್ಳುತ್ತಾರೆ, ಸ್ವಚ್ಛತೆ ಅಂದರೆ ಅದು. ಹೋಗಿ ಬರಲು ಇಡೀ ದಿನ ಬೇಕು, ಬಸ್ಸಿನಲ್ಲಿ ಸೊಂಟ ಹಿಡಿಯುತ್ತದೆ.

ಆ ದಾರಿಯಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಎರಡು ಕಾಣುತ್ತವೆ. ಗದಗಿನ ಗುಡ್ಡದ ಮೇಲಿರುವಂಥ ಗಾಳಿ ಫ್ಯಾನುಗಳು, ಲೆಕ್ಕವಿಲ್ಲದಷ್ಟು, ಮತ್ತು ಅವಕ್ಕೆ ಜೋಡಿಸಿದ ಕರೆಂಟು ತಂತಿ. ಈ ತಂತಿಯೇ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಯಮ. ನಮ್ಮ ಕಡೆ ಹಳಬರು ಎರೆಭೂತ ಅನ್ನುತ್ತಿದ್ದ ಹಕ್ಕಿ ಅದೇ, ಕರ್ನಾಟಕದಲ್ಲಿ ಈಗ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ದೇಶದಲ್ಲೆಲ್ಲ ಸೇರಿ ಕಾಡಿನಲ್ಲಿ 150ರ ಒಳಗೆ, ಹೆಚ್ಚಿನವು ಜೈಸಲ್ಮೇರದಲ್ಲಿ. ಗಂಡು 15 ಕೆ.ಜಿ. ತನಕ ತೂಗುತ್ತದೆ, ಕಣ್ಣು ತಲೆಯ ಪಕ್ಕಕ್ಕಿವೆ, ಎದುರಿನ ತಂತಿ ಕಂಡು ತಿರುಗುವುದರೊಳಗೆ ಬಡಿದುಕೊಳ್ಳುತ್ತದೆ. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿದೆ. 2019ರಿಂದ ಸಮ್ ಕಡೆ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿ.ಮೀ., ನಾವು ಇಳಿದ ಕ್ಯಾಂಪಿಗೆ ಹತ್ತಿರವೇ, ಡಿಜೆ ಬದಲು ಬೆಳಿಗ್ಗೆ ಅಲ್ಲಿಗೆ ಒಂದು ಜೀಪು ಬಿಟ್ಟಿದ್ದರೆ ಚಿಂಕಾರಾ ಜಿಂಕೆ, ರಣಹದ್ದು ಆದರೂ ಕಾಣುತ್ತಿದ್ದವು.

ಇಂದಿರಾ ಗಾಂಧಿ ಕಾಲುವೆಯನ್ನು ಬಸ್ಸಿನವರು ತೋರಿಸುವುದಿಲ್ಲ, ದಾರಿಯಲ್ಲಿ ಅಡ್ಡ ಬಂದರೆ ನೀವೇ ನೋಡಿಕೊಳ್ಳಬೇಕು. ಪಂಜಾಬಿನ ಹರಿಕೆಯಲ್ಲಿ ಸತ್ಲಜ್, ಬಿಯಾಸ್ ಸೇರುವ ಜಾಗದಿಂದ ಶುರು, 1958ರಲ್ಲಿ ಕೆಲಸ ಹಿಡಿದದ್ದು, ಜೈಸಲ್ಮೇರದ ಉಸುಕಿನವರೆಗೆ ಬಂದಿದೆ. ನೀರು ಬಂದಲ್ಲಿ ಸಾಸಿವೆ, ಗೋದಿ. ಕೆಲವು ಕಡೆ ನೀರು ಜಾಸ್ತಿಯಾಗಿ ಸವಳು, ಜವಳು. ಕೃಷ್ಣೆಯ ಕಾಲುವೆ ಕಂಡ ನಮಗೆ ಬಿಡಿಸಿ ಹೇಳಬೇಕೇನು?

ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲೇ ಮೂರು ಮಾತು ಕೇಳಿ. ಶಾಪಿಂಗ್ ದಿನ ತೆಗೆದು ಅಕಾಲ್, ಕುಲಧರಾ, ಒಂದು ಖಡೀನ್ ಹಾಕಲು ಹೇಳಿ, ಎಲ್ಲ ಸೇರಿ ಒಂದೇ ದಿನ ಸಾಕು. ಸಮ್‌ನಲ್ಲಿ ದೊಡ್ಡ ಕ್ಯಾಂಪ್ ಬೇಡ, ಖೂಡಿ ಊರಿನ ಕಡೆ ದಿಬ್ಬವೂ ಇದೆ, ಗದ್ದಲ ಕಡಿಮೆ. ಕೋಟೆಯ ಬಸದಿಗಳಿಗೆ ಬೆಳಿಗ್ಗೆಯೇ ಕರೆದುಕೊಂಡು ಹೋಗಬೇಕು. ದಪ್ಪ ಸ್ವೆಟರ್, ಕಾಲುಚೀಲ, ತುಟಿಗೆ ವ್ಯಾಸಲಿನ್ ಇಟ್ಟುಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಮಾರ್ಚ್ ದಾಟಿದರೆ ನಮ್ಮ ಬಿಸಿಲೇ ವಾಸಿ ಅನ್ನಿಸುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಯವರ ಪಾಲು.

ಊರಿಗೆ ಬಂದ ಮೇಲೆ ಇದನ್ನೆಲ್ಲ ಕಂಪನಿಯ ಮಾಲೀಕರಿಗೆ ಕುಳಿತು ಹೇಳಿದೆ. "ಸರ್, ಮಂದಿ ಒಂಟಿ ಕೇಳ್ತಾರ್ರಿ, ಕಲ್ಲ ಯಾರ ಕೇಳ್ತಾರ?" ಅಂದರು. ಹದಿನೈದು ಮಂದಿ ಒಟ್ಟಿಗೆ ಬಂದು ಕೇಳಿದರೆ ಪಟ್ಟಿ ಬದಲು ಮಾಡಿ ಕೊಡುತ್ತಾರಂತೆ. ಮಾಸ್ತರ ಕಾಕಾ ಈಗಾಗಲೇ ಹೆಸರು ಬರೆದುಕೊಳ್ಳುತ್ತಿದ್ದಾರೆ.